ಸೂಜಿಮನೆಯಲ್ಲಿ ‘ಆರಾಮ’

ಗದಗ ಸೀಮೆ, ಹೂಧೂಳು ತಿಂಗಳ ನಾಲ್ಕನೇ ದಿನ, ಇಸವಿ ೨೨೮೬

ಇನ್ನೂರ ಅರವತ್ತು ವರ್ಷ ಹಿಂದಿನ ಹಿರಿಯರಿಗೆ,

ಈ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ಮಳೆ ಹಿಂದೆಗೆದು ಕಸದ ಹೂವಿನ ಧೂಳು ಗಾಳಿಗೇರುವ ದಿನಗಳನ್ನು ನಾವು ಬೇರೆ ತೆಗೆದು ಹದಿಮೂರನೆಯ ತಿಂಗಳು ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು ನಾನು, ಬಿಡಿಸಿ ಹೇಳುವ ಅಭ್ಯಾಸ ಸಾಲದು. ಕಾಗದದ ಮೊದಲಿಗೆ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಯುವುದು ನಿಮ್ಮ ರೂಢಿಯಂತೆ. ಇಲ್ಲಿ ಎಲ್ಲರೂ ಕ್ಷೇಮವಿಲ್ಲ, ಅದಕ್ಕೆ ಬರೆದಿಲ್ಲ.

ನೀವು ಕಾಂಗ್ರೆಸ್ ಕಸ ಎನ್ನುತ್ತಿದ್ದ ಗಿಡಕ್ಕೆ ನಾವು ಸೀನುಗಸ ಎನ್ನುತ್ತೇವೆ. ನೀವು ಅದನ್ನು ಕಿತ್ತು ಮುಗಿಸಲಿಲ್ಲ. ನಾವೂ ಮುಗಿಸಿಲ್ಲ, ಆದ್ದರಿಂದ ಬೈಯುವ ಹಕ್ಕು ನನಗಿಲ್ಲ. ಈಗ ಅದು ಕಪ್ಪತಗುಡ್ಡದ ಬುಡದವರೆಗೆ ಎದೆಮಟ್ಟ ನಿಂತಿದೆ. ಬೆಳಗಾದರೆ ನೀರಿನ ಟ್ಯಾಂಕಿನ ಮೇಲಿಂದ ಕೂಗಾಳು ಗಾಳಿಯ ವರದಿ ಕೂಗುತ್ತಾನೆ: ಇಂದು ಧೂಳು ಹಗುರ, ಇಂದು ಧೂಳು ದಟ್ಟ. ದಟ್ಟವಿದ್ದ ದಿನ ಬಟ್ಟೆಯನ್ನು ಒಳಗೇ ಒಣಹಾಕುತ್ತೇವೆ. ಪ್ರತಿ ಮನೆಗೂ ಮುಂದೆ ಎರಡು ಬಾಗಿಲು. ನಡುವಿನ ಇಕ್ಕಟ್ಟು ಜಾಗಕ್ಕೆ ಜಾಡಿಸೋಣಿ ಎಂದು ಹೆಸರು. ಅಲ್ಲಿ ತಲೆ ಕೊಡವಿ, ಮುಖ ತೊಳೆದು, ಅಂಗಿ ಬದಲಿಸಿದ ಮೇಲೆಯೇ ಒಳಗೆ ಕಾಲಿಡಬೇಕು. ನೆಂಟರಿಗೂ ಮದುಮಕ್ಕಳಿಗೂ ಇದೇ ನಿಯಮ.

ಊರಿಗೊಂದು ಸೂಜಿಮನೆಯಿದೆ. ಸೀನುಗಸದ ಧೂಳಿನಿಂದಲೇ ತೆಗೆದ ರಸವನ್ನು ಅಲ್ಲಿ ತೋಳಿಗೆ ಚುಚ್ಚುತ್ತಾರೆ. ಮೊದಲು ಲೆಕ್ಕಕ್ಕೇ ಸಿಗದಷ್ಟು ಸ್ವಲ್ಪ, ವಾರವಾರವೂ ಚೂರು ಹೆಚ್ಚು, ಆಮೇಲೆ ತಿಂಗಳಿಗೊಮ್ಮೆ, ಒಟ್ಟು ಮೂರು ವರ್ಷ. ಮೈ ನಿಧಾನವಾಗಿ ಆ ಧೂಳಿಗೆ ಒಗ್ಗುತ್ತದೆ. ಈ ವಿದ್ಯೆ ನಿಮ್ಮಿಂದಲೇ ಬಂದದ್ದು. ನಾನು ಅಲ್ಲಿ ದಫ್ತರ ಬರೆಯುವವಳು, ಕಂಡದ್ದನ್ನು ಹೇಳುತ್ತೇನೆ. ಮೊದಲ ವರ್ಷ ಬಹಳ ಜನರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಎರಡನೆಯ ಹಂಗಾಮಿಗೆ ಸೀನು ಇಳಿಯುತ್ತದೆ, ಗುಳಿಗೆ ಕಡಿಮೆಯಾಗುತ್ತದೆ. ಮೂರು ವರ್ಷ ಮುಗಿಸಿದವರಲ್ಲಿ ಹೆಚ್ಚಿನವರಿಗೆ ಸೂಜಿ ನಿಂತ ಮೇಲೂ ಕೆಲವು ವರ್ಷ ಗುಣ ಉಳಿಯುತ್ತದೆ; ನಡುವೆ ಬಿಟ್ಟವರಿಗೆ ಸಾಮಾನ್ಯವಾಗಿ ಮರಳುತ್ತದೆ. ಪೂರ್ತಿ ವಾಸಿಯಾದವರು ಕೆಲವರೇ. ಏನೂ ಆಗದವರೂ ಇದ್ದಾರೆ, ನಮ್ಮವ್ವ ಅವರಲ್ಲೊಬ್ಬಳು.

ನನ್ನ ಅಣ್ಣ ಫಕೀರೇಶ ಗಾಳಿಗಿರಣಿಯ ಕಂಬ ಹತ್ತಿ ರೆಕ್ಕೆ ತೊಳೆಯುವವನು. ಅವನದು ಬರೀ ಸೀನಲ್ಲ, ದಮ್ಮು. ಉಸಿರು ಕಟ್ಟಿದರೆ ಕಂಬವಿಲ್ಲ, ಕಂಬವಿಲ್ಲದ ಬದುಕು ಅವನಿಗೆ ಬೇಕಿಲ್ಲ. ಸೂಜಿಯ ಎರಡನೆಯ ವರ್ಷದಲ್ಲಿದ್ದ. ಉಬ್ಬಸವಿದ್ದ ದಿನ ಸೂಜಿ ಹಾಕಬಾರದು ಎಂಬುದು ಸೂಜಿಮನೆಯ ಮೊದಲ ಕಟ್ಟಳೆ. ಅದಕ್ಕೇ ಸೂಜಿ ಹಾಕುವ ಮಾಬೂಬಿ ಅಕ್ಕ ಎಲ್ಲರನ್ನೂ ಕೇಳುತ್ತಾಳೆ. ಅಂದೂ ಕೇಳಿದಳು, “ಹೆಂಗದೀಯೋ ಪಕೀರಾ?” ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಒಂದೇ. ಸಾಯುವವನನ್ನು ಕೇಳಿದರೂ ಮೊದಲು ಆರಾಮ ಅನ್ನುತ್ತಾನೆ, ಆಮೇಲೆ ಸಾಯುತ್ತಾನೆ. “ಆರಾಮ ಅದೀನಿ ಅಕ್ಕಾ.” “ಮಾರಿ ನೋಡಿದ್ರ ಹಂಗ ಕಾಣವಲ್ದಲ್ಲೋ.” “ಮಾರಿ ನಮ್ಮಪ್ಪಂದು, ನಾ ಏನ್ ಮಾಡ್ಲಿ?” ಸರದಿಯಲ್ಲಿದ್ದವರೆಲ್ಲ ನಕ್ಕರು. ಜನ ಬಹಳ ಇದ್ದರು, ಅವಳು ಅವನ ಮಾತು ನಂಬಿದಳು. ಬೆಳಿಗ್ಗೆ ಜಾಡಿಸೋಣಿಯಲ್ಲಿ ಅವನ ಎದೆ ಸಿಳ್ಳೆ ಹಾಕಿದ್ದನ್ನು ನಾನು ಕೇಳಿದ್ದೆ. ಒಂದು ಸೂಜಿ ತಪ್ಪಿದರೆ ಪ್ರಮಾಣ ಇಳಿಸಿ ಹಿಂದಿನ ಹಂತದಿಂದ ಮತ್ತೆ ಏರಿ ಬರಬೇಕಾದೀತೆಂದು ಅವನು ಮುಚ್ಚಿಟ್ಟ. ನಾನು ದಫ್ತರದಲ್ಲಿ ‘ಆರಾಮ’ ಎಂದು ಬರೆದೆ.

ಸೂಜಿಯಾದ ಮೇಲೆ ಅರ್ಧ ಗಂಟೆ ಕಟ್ಟೆಯ ಮೇಲೆ ಕೂರಬೇಕು. ಹನ್ನೆರಡನೆಯ ನಿಮಿಷಕ್ಕೆ ಅಣ್ಣನ ಅಂಗೈ ಕೆಂಪಾಯಿತು, ತುಟಿ ಬಾತಿತು, ಗಂಟಲಿನಿಂದ ದನಿಯೇ ಬರಲಿಲ್ಲ. ಮಾಬೂಬಿ ಅಕ್ಕ ಅವನನ್ನು ಮಲಗಿಸಿ ತೊಡೆಗೆ ಜೀವ ಉಳಿಸುವ ಸೂಜಿ ಚುಚ್ಚಿದಳು, ಐದು ನಿಮಿಷ ಬಿಟ್ಟು ಇನ್ನೊಂದು. “ಉಸುರು ತಗೋ ನನ ಮಗನ, ತಗೋ” ಎನ್ನುತ್ತ ಅವಳೇ ಅಳುತ್ತಿದ್ದಳು. ಅವನು ಉಳಿದ.

ಮೂರು ದಿನಕ್ಕೆ ಊರು ಸೇರಿತು. “ಕೊಲ್ಲೋ ಸೂಜಿ ನಮಗ ಬ್ಯಾಡ, ಬಾಗ್ಲಾ ಹಾಕ್ರಿ” ಎಂದರು ಹಿರಿಯರಾದ ಸೋಮನಗೌಡರು. ಬಾಗಿಲು ಹಾಕಿದರೆ ಅಣ್ಣನ ಕಂಬವೂ ಮುಗಿದಂತೆ. ನಾನು ಎದ್ದು ಹೇಳಿದೆ, “ಸೂಜಿದು ತಪ್ಪಲ್ರೀ. ಅಣ್ಣಗ ಅವತ್ತು ದಮ್ಮು ಇತ್ತು. ನನಗ ಗೊತ್ತಿತ್ತು. ಗೊತ್ತಿದ್ದೂ ಆರಾಮ ಅಂತ ಬರದೆ.” ಅಣ್ಣ ತಲೆ ಎತ್ತಲಿಲ್ಲ. “ಮನ್ಯಾಗಿನ ಮಾತು ಇಲ್ಲ್ಯಾಕ ತರ್ತಿ, ಸಾವಂತ್ರಿ?” ಎಂದ. ಗೌಡರು ನನ್ನನ್ನೇ ಹಿಡಿದರು: “ಹಂಗಾರ ಸೂಜಿಲೇ ಪೂರಾ ವಾಸಿ ಆಗತೈತಿ ಅಂತೀಯೇನು?” ಹೌದು ಎಂದಿದ್ದರೆ ತಕರಾರು ಅಲ್ಲಿಗೆ ಮುಗಿಯುತ್ತಿತ್ತು. “ಇಲ್ರೀ. ಅರ್ಧಾ ಇಳೀತೈತಿ. ಕೆಲವ್ರಿಗೆ ಅದೂ ಇಲ್ಲ” ಎಂದೆ. ಮಾಬೂಬಿ ಅಕ್ಕ ಕಣ್ಣು ಮುಚ್ಚಿಕೊಂಡಳು. ಆಗ ಹಿಂದಿನ ಸಾಲಿನಿಂದ ಮುದುಕಿ ನಾಗಿಂದ್ರವ್ವ ಕೂಗಿದಳು, “ನನಗ ಅರ್ಧಾ ಉಸುರು ಸಾಕೋ ಗೌಡಾ. ಉಳಿದರ್ಧಾ ನೀನ ಇಟ್ಕೋ!” ನಕ್ಕವರಲ್ಲಿ ಗೌಡರೂ ಇದ್ದರು. ಸೂಜಿಮನೆ ಉಳಿಯಿತು.

ಈಗ ಅಲ್ಲಿ ಹೆಂಗದೀರಿ ಎಂದು ಯಾರೂ ಕೇಳುವುದಿಲ್ಲ. ನಿದ್ದೆಯಲ್ಲಿ ಎಷ್ಟು ಸಲ ಎದ್ದಿರಿ, ಮೆಟ್ಟಿಲು ಏರುವಾಗ ಎಲ್ಲಿ ನಿಂತಿರಿ ಎಂದು ಕೇಳುತ್ತೇವೆ, ಉಸಿರಿನ ಬಲ ಅಳೆಯುವ ಕೊಳವೆಯಲ್ಲಿ ಊದಿಸಿ ನೋಡುತ್ತೇವೆ. ಅಣ್ಣ ತೀರ ಸಣ್ಣ ಪ್ರಮಾಣದಿಂದ ಮತ್ತೆ ಶುರುಮಾಡಿ ಎರಡು ವರ್ಷವಾಯಿತು. ಈ ಹಂಗಾಮಿಗೆ ಕಂಬ ಹತ್ತಿದ. ನಡುವೆ ಒಮ್ಮೆ ಮಾತ್ರ ನಿಂತ. ನನ್ನ ಜೊತೆ ಇನ್ನೂ ಮಾತಾಡುವುದಿಲ್ಲ.

ಹಿರಿಯರೇ, ನಿಮ್ಮಲ್ಲಿ ಅಂಗಿಯ ತೋಳು ಮಡಚಿ ಇದೇ ಸೂಜಿಗೆ ಕೂತವರನ್ನು ಒಂದು ಬೇಡುತ್ತೇನೆ. ವೈದ್ಯರು ಕೇಳಿದಾಗ ಅವರ ಮನಸ್ಸಿಗೆ ಹಿತವಾಗಲೆಂದು ಉತ್ತರ ಕೊಡಬೇಡಿ. ಇಳಿದಿದ್ದರೆ ಎಷ್ಟು ಇಳಿಯಿತು, ಇಳಿಯದಿದ್ದರೆ ಇಳಿದಿಲ್ಲ ಎಂದೇ ಹೇಳಿ. ನಮ್ಮ ರಸದ ಪ್ರಮಾಣ ಗೊತ್ತುಮಾಡಿರುವುದು ನಿಮ್ಮ ಕಾಲದ ದಫ್ತರಗಳಿಂದ. ಅದರಲ್ಲಿ ಯಾವ ಸಾಲು ನಿಜ, ಯಾವುದು ಬರೀ ಮರ್ಯಾದೆಯ ಮಾತು ಎಂದು ಇಲ್ಲಿಂದ ತಿಳಿಯುವುದಿಲ್ಲ. ನಿಮ್ಮ ಮಾತು ನಂಬಿಯೇ ನನ್ನ ಅಣ್ಣ ನಾಳೆಯೂ ಕಂಬ ಹತ್ತುತ್ತಾನೆ.

ಸಾವಂತ್ರಿ
ಸೂಜಿಮನೆಯ ದಫ್ತರದವಳು