ಮರುಸಹಿಯ ಕುರ್ಚಿ ತೆಗೆದ ಮೇಲೆ

ಬೇಲೆಗುಡ್ಡ, ನಾಲ್ಕನೇ ತೀರದಳ
ಫೆಬ್ರವರಿ ೩೦, ೨೧೯೩

ನನಗಿಂತ ನೂರೈವತ್ತು ವರ್ಷಕ್ಕೂ ಹಿಂದೆ ಬದುಕುತ್ತಿರುವ ಹಿರಿಯರಿಗೆ ಶಾಲ್ಮಲಾ ಗುನಗ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತನೇ ದಿನ ಇರಲಿಲ್ಲವೆಂದು ನನಗೂ ಗೊತ್ತು. ಪಡೆಗಳ ಪಾಳಿಯನ್ನು ಸರಿದೂಗಿಸಲು ಸುಲಭವಾಗಲೆಂದು ನಮ್ಮ ಅಜ್ಜಂದಿರ ಕಾಲದಲ್ಲಿ ಎಲ್ಲ ತಿಂಗಳನ್ನೂ ಮೂವತ್ತು ದಿನಕ್ಕೆ ಸಮ ಮಾಡಿದರು. ವರ್ಷದ ಕೊನೆಯಲ್ಲಿ ಉಳಿಯುವ ಐದಾರು ದಿನಗಳಿಗೆ ಹೆಸರೇ ಇಲ್ಲ. ಆ ದಿನಗಳಲ್ಲಿ ಹುಟ್ಟಿದ ಮಕ್ಕಳಿಗೆ ಹುಟ್ಟುಹಬ್ಬವೂ ಇಲ್ಲ. ನನ್ನ ಕನ್ನಡವೂ ನಿಮಗೆ ಸೊಟ್ಟಗೆ ಕಂಡೀತು. ನಿಮ್ಮ ಕಾಲದ ಹಳೆಯ ಕಡತಗಳನ್ನು ಓದಿ ಕಲಿತ ಭಾಷೆ ಇದು, ನಡುನಡುವೆ ನಮ್ಮ ಮಾತು ನುಸುಳುತ್ತದೆ. ಕ್ಷಮಿಸಿ. ಮುಂದಿನವರಿಗೆ ಬರೆಯುವುದು ವಾಡಿಕೆ. ಆದರೆ ಮುಂದಿನವರು ಇರುತ್ತಾರೋ ಇಲ್ಲವೋ ಎಂಬ ಅನುಮಾನ ಬಂದವರು ಹಿಂದಿನವರಿಗೇ ಬರೆಯಬೇಕಾಗುತ್ತದೆ.

ಮೊದಲು ನಮ್ಮ ಪಡೆಗಳ ವ್ಯವಸ್ಥೆ ಹೇಳುತ್ತೇನೆ. ನೆಲಪಡೆ, ಕಡಲಪಡೆ, ಬಾನಪಡೆ ಎಂಬ ಮೂರು ನಿಮ್ಮಲ್ಲಿದ್ದಂತೆಯೇ ನಮ್ಮಲ್ಲೂ ಇವೆ. ಆದರೆ ದೇಶದ ಅಂಚನ್ನೆಲ್ಲ ತುಂಡು ತುಂಡಾಗಿ ಹಂಚಿ, ಒಂದೊಂದು ತುಂಡಿಗೆ ಒಂದು ದಳ, ದಳಕ್ಕೊಬ್ಬ ದಳವಾಯಿ ಎಂದು ಮಾಡಿದ್ದಾರೆ. ದಳವಾಯಿಯ ಕೈಕೆಳಗೆ ಮೂರೂ ಪಡೆಯವರು ಇರುತ್ತಾರೆ. ಯಾವ ಆಯುಧ ತರಿಸಬೇಕು, ಯಾರನ್ನು ಎಲ್ಲಿಗೆ ಕಳಿಸಬೇಕು ಎಂಬುದನ್ನೆಲ್ಲ ರಾಜಧಾನಿಯ ರಕ್ಷಣಾ ಭವನದಲ್ಲಿ ಕೂತ ನಾಗರಿಕ ಅಧಿಕಾರಿಗಳು ನೋಡಿಕೊಳ್ಳುತ್ತಾರೆ. ಹೇಗೆ ಹೋರಾಡಬೇಕು ಎಂಬುದು ದಳವಾಯಿಗೆ ಬಿಟ್ಟದ್ದು. ಈ ಎರಡರ ನಡುವೆ ಬಾಗಿಲಿನ ತಿರುಗಣಿಯಂತೆ ಒಂದು ಕುರ್ಚಿ ಇತ್ತು. ದಳವಾಯಿ ಗುಂಡು ಹಾರಿಸುವ ಆಜ್ಞೆಗೆ ಸಹಿ ಹಾಕಿದರೂ, ಸಮವಸ್ತ್ರ ತೊಡದ ಒಬ್ಬರು ಅದನ್ನು ಓದಿ ಮತ್ತೊಂದು ಸಹಿ ಹಾಕಬೇಕು. ಅದಕ್ಕೆ ಮರುಸಹಿ ಎನ್ನುತ್ತಿದ್ದರು. ನಾಲ್ಕನೇ ದಳದಲ್ಲಿ ಆರು ವರ್ಷ ಆ ಕುರ್ಚಿಯಲ್ಲಿ ಕೂತವಳು ನಾನು.

ನಮ್ಮೂರು ಗಂಗಾವಳಿ ನದಿಯ ಉತ್ತರಕ್ಕಿದೆ. ಹಳೆಯ ಊರು ನೀರಿನಡಿಯಲ್ಲಿದೆ. ಇಳಿತದ ದಿನ ಅದರ ಬಸ್ ನಿಲ್ದಾಣದ ಚಾವಣಿ ಕಾಣಿಸುತ್ತದೆ, ಹೆಂಗಸರು ಅದರ ಮೇಲೆ ಕೂತು ಚಿಪ್ಪಿ ಆರಿಸುತ್ತಾರೆ. ನಾವೆಲ್ಲ ಗುಡ್ಡದ ಇಳಿಜಾರಿನಲ್ಲಿದ್ದೇವೆ. ಕೆಳಗೆ ಉಪ್ಪುನೀರಲ್ಲೂ ಬರುವ ಕಗ್ಗ ಭತ್ತ, ಅದರಾಚೆ ತಡೆಗೋಡೆ, ಗೋಡೆಯ ಹೊರಗೆ ಬಂದರು. ಗುಡ್ಡದ ನೆತ್ತಿಯ ಮೇಲೆ ಪಡೆಯ ಫಿರಂಗಿ ತೋಪುಗಳು. ಎರಡು ದಿನಕ್ಕೊಮ್ಮೆ ಕುಡಿಯುವ ನೀರು ಬಿಡುತ್ತಾರೆ. ಮಂಗಳವಾರ ಹತ್ತು ಗಂಟೆಗೆ ಸೈರನ್ ಪರೀಕ್ಷೆ ಮಾಡುತ್ತಾರೆ, ಆಗ ಊರಿನ ನಾಯಿಗಳೆಲ್ಲ ಅದರ ಜೊತೆಗೆ ಕೂಗುತ್ತವೆ. ಸಮುದ್ರಕ್ಕೆ ಇಳಿಯುವ ಪ್ರತಿ ದೋಣಿಯಲ್ಲೂ ಕೂಗುಪೆಟ್ಟಿಗೆ ಇರಲೇಬೇಕು. ಅದು ದೋಣಿಯ ಹೆಸರನ್ನೂ ಊರನ್ನೂ ಸದಾ ಆಕಾಶಕ್ಕೆ ಸಾರುತ್ತಿರುತ್ತದೆ. ಕೂಗದ ದೋಣಿ ವೈರಿಯ ದೋಣಿ ಎಂಬುದು ನಮ್ಮ ಮಕ್ಕಳಿಗೂ ಗೊತ್ತಿರುವ ಪಾಠ. ಅದಕ್ಕೆ ಕಾರಣವೂ ಇದೆ. ಇಪ್ಪತ್ತೆಂಟು ವರ್ಷದ ಹಿಂದೆ ಐದನೇ ದಳದ ಬಂದರಿಗೆ ಮೀನುದೋಣಿಯ ವೇಷದಲ್ಲಿ ಒಂಬತ್ತು ದೋಣಿಗಳು ನಿಧಾನವಾಗಿ ಬಂದು ಎಣ್ಣೆ ಕೊಠಾರಕ್ಕೆ ಬೆಂಕಿಯಿಟ್ಟವು. ನನ್ನ ಸೋದರಮಾವ ಆ ಬೆಂಕಿಯಲ್ಲಿ ಹೋದವನು.

ಹೋದ ವರ್ಷ ನವೆಂಬರಿನ ಒಂದು ಮಧ್ಯಾಹ್ನ, ಎರಡು ಮುಕ್ಕಾಲರ ಸುಮಾರಿಗೆ, ನನ್ನ ಮೇಜಿನ ಕೆಂಪು ದೀಪ ಹೊತ್ತಿತು. ನಾನು ಆಗಷ್ಟೇ ಊಟದ ಡಬ್ಬಿ ತೊಳೆದು ಬಂದಿದ್ದೆ. ಮೂರು ಕಾಗದ ಬಂದವು. ಬಾನಪಡೆಯದರಲ್ಲಿ ಹದಿನಾಲ್ಕು ದೋಣಿಗಳು, ಒಂದರ ಹಿಂದೊಂದು, ಒಂದೇ ವೇಗದಲ್ಲಿ, ಬಂದರಿನ ಕಡೆಗೆ ಬರುತ್ತಿವೆ, ಯಾವುದೂ ಕೂಗುತ್ತಿಲ್ಲ ಎಂದಿತ್ತು. ನೆಲಪಡೆಯದರಲ್ಲಿ ತೋಪುಗಳು ಸಿದ್ಧ, ದೋಣಿಗಳು ಬಂದರಿನ ಹತ್ತಿರದ ಗಡಿಯಾದ ಒಳಗೆರೆ ದಾಟಿದರೆ ಗುರಿ ಸಿಗುವುದಿಲ್ಲ ಎಂದಿತ್ತು. ಕಡಲಪಡೆಯದು ಬೆಳಗಿನ ಕಾಗದ. ಏಳನೇ ವಲಯದಲ್ಲಿ ಮೌನಾಭ್ಯಾಸ ಎಂಬ ಒಂದೇ ಸಾಲು; ಎಂದರೆ ಅಲ್ಲಿನ ತರಂಗಗಳನ್ನೆಲ್ಲ ಸ್ವಲ್ಪ ಹೊತ್ತು ಅಡಗಿಸಿ ನೋಡುವ ಅಭ್ಯಾಸ. ಇವುಗಳ ಜೊತೆಗೆ ಮುನ್ನೋಟಕದ ಅಂಕಿ. ಮುನ್ನೋಟಕವೆಂದರೆ ಎಲ್ಲವನ್ನೂ ತೂಗಿ ವೈರಿಯೋ ಅಲ್ಲವೋ ಎಂದು ಹೇಳುವ ಯಂತ್ರ. ನೂರಕ್ಕೆ ತೊಂಬತ್ತೊಂದು ಪಾಲು ವೈರಿ ಎಂದು ಅದು ಹೇಳಿತ್ತು. ಕೆಳಗೆ ದಳವಾಯಿಯ ಸಹಿ.

ನನಗೆ ಒಂಬತ್ತು ನಿಮಿಷ. ಆ ಒಂಬತ್ತು ನಿಮಿಷದಲ್ಲಿ ನಾನು ಏನನ್ನೂ ಬರೆಯದಿದ್ದರೆ ಒಪ್ಪಿದಂತೆ. ಬೇಡವೆನ್ನುವುದಾದರೆ ಕಾರಣ ಬರೆಯಬೇಕು. ಈ ನಿಯಮ ಯಾವಾಗ ಸೇರಿತೆಂದು ಆಮೇಲೆ ಹುಡುಕಿದೆ. ನಿಮ್ಮ ಕಾಲದಲ್ಲಿ.

ಧೈರ್ಯವಂತೆಯಂತೆ ಬರೆದುಕೊಳ್ಳುವುದಿಲ್ಲ. ಮೊದಲ ಎರಡು ನಿಮಿಷ ನನ್ನ ಕೈ ಒಪ್ಪಿಗೆಯ ಗುಂಡಿಯ ಮೇಲೇ ಇತ್ತು. ಗುಡ್ಡದ ಕೆಳಮನೆಯಲ್ಲಿ ನನ್ನ ತಾಯಿ ಮಲಗಿದ್ದರು, ಮಗಳು ಗೋಡೆಯ ಪಕ್ಕದ ಶಾಲೆಯಲ್ಲಿದ್ದಳು. ಒತ್ತಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಆಗ ಕಡಲಪಡೆಯ ಕಾಗದ ಇನ್ನೊಮ್ಮೆ ಕಣ್ಣಿಗೆ ಬಿತ್ತು. ಈ ಕುರ್ಚಿಗೆ ಬರುವ ಮೊದಲು ನಾನು ನಕ್ಷೆ ವಿಭಾಗದಲ್ಲಿದ್ದೆ. ಕಡಲಪಡೆಯವರು ವಲಯಗಳನ್ನು ತೆಂಕಣದಿಂದ ಎಣಿಸುತ್ತಾರೆ, ಬಾನಪಡೆಯವರು ಬಡಗಣದಿಂದ. ಇವರ ಏಳು ಅವರ ಹನ್ನೆರಡು. ಬಾನಪಡೆಯ ಕಾಗದದಂತೆ ದೋಣಿಗಳು ಬರುತ್ತಿದ್ದದ್ದು ಹನ್ನೆರಡನೇ ವಲಯದಿಂದ. ಹಾಗಿದ್ದರೆ ಆ ದೋಣಿಗಳು ಮೌನವಾಗಿದ್ದದ್ದು ನಮ್ಮವರೇ ಅವುಗಳ ಬಾಯಿ ಕಟ್ಟಿದ್ದರಿಂದ. ಆದರೆ ಇದು ಏಳು ವರ್ಷದ ಹಿಂದಿನ ನೆನಪು. ಈ ನಡುವೆ ಎಣಿಕೆ ಬದಲಾಗಿದ್ದರೆ?

ದಳವಾಯಿಗೆ ಫೋನ್ ಮಾಡಿದೆ. ಇಮ್ತಿಯಾಜ್ ಸವಣೂರ ಎಂದು ಅವರ ಹೆಸರು. ಹಾವೇರಿ ಕಡೆಯವರು, ಕೂಗಾಡದ ಮನುಷ್ಯ. ಮೌನಾಭ್ಯಾಸದ ವಿಷಯ ಅವರಿಗೆ ತಿಳಿದೇ ಇರಲಿಲ್ಲ. ಕಡಲಪಡೆಯ ಅಭ್ಯಾಸದ ಸೂಚನೆ ಮರುಸಹಿಗೆ ಬರಬೇಕು, ತೋಪಿನ ಮನೆಗೆ ಹೋಗಬೇಕಾಗಿಲ್ಲ ಎಂಬುದು ಕ್ರಮ. ಅವರು ಹೇಳಿದರು:

“ಮೇಡಂ, ನನಗ ತೋಪಿನ ಮುಂದ ಏನೈತಿ ಅನ್ನೋದಷ್ಟ ತೋರಸ್ತಾರ. ಮೂರೂ ಕಾಗದ ಇರೋದು ನಿಮ್ಮ ಮುಂದ. ನೀವು ಬ್ಯಾಡ ಅಂದ್ರ ನಾನು ಹಾರಸೂದಿಲ್ಲ. ಆದ್ರ ನೀವು ಅನಬೇಕು.”

ಐದು ನಿಮಿಷ ಉಳಿದಿತ್ತು. ಆಗ ನಾನು ನಿಯಮ ಮೀರಿದೆ. ಬಂದರಿನಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವ ಬೀರಮ್ಮ ಹರಿಕಂತ್ರ ಎಂಬವರ ಶೆಡ್ಡಿಗೆ ಫೋನ್ ಮಾಡಿದೆ. ಹೆಸರು ಹೇಳಲಿಲ್ಲ, ಯಾಕೆಂದೂ ಹೇಳಲಿಲ್ಲ. ಹತ್ತು ಹನ್ನೆರಡು ದೋಣಿ ಒಂದೇ ಸಾಲಿನಲ್ಲಿ, ಒಂದೇ ವೇಗದಲ್ಲಿ, ಅಷ್ಟು ನಿಧಾನವಾಗಿ ಬರುವುದು ಯಾವಾಗ ಎಂದಷ್ಟೇ ಕೇಳಿದೆ. ಆ ಕಡೆ ಸುತ್ತಿಗೆಯ ಸದ್ದು ನಿಂತಿತು. ನಾನು ಯಾರು, ಎಲ್ಲಿಂದ ಕೇಳುತ್ತಿದ್ದೇನೆ ಎಂಬುದು ಆಕೆಗೆ ಆ ಕ್ಷಣದಲ್ಲೇ ತಿಳಿದಿತ್ತೆಂದು ಆಮೇಲೆ ಗೊತ್ತಾಯಿತು. ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಹೊಸ ಎಂಜಿನ್ನುಗಳಲ್ಲಿ ಕೂಗುಪೆಟ್ಟಿಗೆಗೂ ಎಂಜಿನ್ನಿಗೂ ಒಂದೇ ತಂತಿ, ಒಂದು ಸತ್ತರೆ ಇನ್ನೊಂದೂ ಸಾಯುತ್ತದೆ, ಆಗ ಹಳೆಯ ಎಂಜಿನ್ನಿನ ದೋಣಿ ಉಳಿದವನ್ನು ಎಳೆದು ತರಬೇಕಾಗುತ್ತದೆ ಎಂದರು. ಕೊನೆಗೆ ಇಷ್ಟು ಸೇರಿಸಿದರು:

“ತಂಗೀ, ಯುದ್ಧಕ್ಕೆ ಬರೂರು ಹಗ್ಗ ಕಟ್ಕಂಡು ಬರುದಿಲ್ಲ.”

ಬೇಡ ಎಂದು ಬರೆದೆ. ಕಾರಣದ ಜಾಗದಲ್ಲಿ ವಲಯದ ಎಣಿಕೆಯನ್ನೂ ಹಗ್ಗದ ಮಾತನ್ನೂ ಬರೆದೆ. ಎಂಟು ನಿಮಿಷ ನಲವತ್ತು ಸೆಕೆಂಡು ಆಗಿತ್ತು.

ಆಮೇಲಿನ ಒಂದೂವರೆ ಗಂಟೆಯನ್ನು ಹೇಗೆ ಹೇಳಲಿ? ದೋಣಿಗಳು ಒಳಗೆರೆ ದಾಟಿದವು; ಇನ್ನು ಯಾವ ತೋಪೂ ಅವನ್ನು ಮುಟ್ಟುವಂತಿರಲಿಲ್ಲ.  ನನ್ನ ಲೆಕ್ಕ ತಪ್ಪಿದ್ದರೆ ಶಾಲೆಯೇ ಮೊದಲು ಹೋಗುತ್ತಿತ್ತು. ದಳವಾಯಿ ಮೇಲಿಂದ ಇಳಿದು ಬಂದು ನನ್ನ ಎದುರು ಸ್ಟೂಲಿನ ಮೇಲೆ ಕೂತರು. ಇಬ್ಬರಿಗೂ ಚಹಾ ಬಂತು, ಇಬ್ಬರೂ ಕುಡಿಯಲಿಲ್ಲ. ಕೊನೆಗೆ ಕಿಟಕಿಯಿಂದ ಮೊದಲ ದೋಣಿ ಕಂಡಿತು. ಅದರ ಮೂಗಿನ ಮೇಲೆ ನಿಂತ ಹೆಂಗಸೊಬ್ಬಳು ಖಾಲಿ ಕೊಡ ಎತ್ತಿ ಬೀಸುತ್ತಿದ್ದಳು. ಎರಡು ದೋಣಿ ಹನ್ನೆರಡನ್ನು ಎಳೆದು ತಂದಿದ್ದವು. ಅರವತ್ಮೂರು ಜನ, ಬಂಗಡೆಗೆಂದು ಹೋದ ನಮ್ಮೂರವರೇ. ಬೀರಮ್ಮನ ಇಬ್ಬರು ಹೆಣ್ಣುಮಕ್ಕಳೂ ಅವರಲ್ಲಿದ್ದರು.

ವಿಚಾರಣೆ ಜನವರಿಯಲ್ಲಿ ನಡೆಯಿತು. ರಾಜಧಾನಿಯಿಂದ ಬಂದ ಮೂವರೂ ಸಜ್ಜನರು, ಕೂರಿಸಿ ನೀರು ಕೊಟ್ಟೇ ಕೇಳಿದರು. ಕಡಲಪಡೆ ತನ್ನ ಕ್ರಮದಂತೆ ಅಭ್ಯಾಸ ಮಾಡಿತ್ತು. ಬಾನಪಡೆ ಕಂಡದ್ದನ್ನು ಹೇಳಿತ್ತು. ನೆಲಪಡೆ ಸಿದ್ಧವಾಗಿತ್ತು. ಯಾರದೂ ತಪ್ಪಿಲ್ಲ. ಹೀಗೆ ಯಾರದೂ ತಪ್ಪಿಲ್ಲದೆ ಅರವತ್ಮೂರು ಜನ ಸಾಯುವುದರಲ್ಲಿದ್ದರು ಎಂದು ನಾನು ಹೇಳಿದೆ. ಅವರು ಬರೆದುಕೊಂಡರು. ಹೊರಗಿನವರನ್ನು, ಅದೂ ಸ್ವಂತ ಮಕ್ಕಳು ದೋಣಿಯಲ್ಲಿದ್ದವರನ್ನು ಕೇಳಿದ್ದು ಗಂಭೀರ ಲೋಪವೆಂದರು. ಅದು ನಿಜವೇ. ಬೀರಮ್ಮ ಸುಳ್ಳು ಹೇಳಬಹುದಿತ್ತು. ದಳವಾಯಿಯನ್ನು ಕರೆದು, ಅವು ವೈರಿಯ ದೋಣಿಗಳಾಗಿದ್ದರೆ ಈ ಎಂಟು ನಿಮಿಷ ನಲವತ್ತು ಸೆಕೆಂಡು ಏನಾಗುತ್ತಿತ್ತು ಎಂದು ಕೇಳಿದರು. ಬಂದರು ಉಳಿಯುತ್ತಿರಲಿಲ್ಲ ಎಂದು ಅವರು ಇದ್ದದ್ದನ್ನು ಇದ್ದಂತೆ ಹೇಳಿದರು. ಕೊನೆಗೆ ಅಧ್ಯಕ್ಷೆ ನನ್ನ ಕಡೆ ತಿರುಗಿ, ಯಂತ್ರ ಅಷ್ಟು ಖಚಿತವಾಗಿ ಹೇಳಿದ ಮೇಲೂ ಎರಡನೇ ಸಲ ಕಾಗದ ಓದಿದ್ದು ಯಾಕೆ ಎಂದು ಕೇಳಿದರು. 

“ಹೆದರಿಕೆ ಆಯ್ತು ಮೇಡಂ,” ಎಂದೆ.

ವರದಿಯಲ್ಲಿ ಅದೊಂದೇ ಮಾತು ಉಳಿಯಿತು. ಮರುಸಹಿ ಅಧಿಕಾರಿ ಭಯಗ್ರಸ್ತರಾಗಿದ್ದರು, ಭಯವು ನಿರ್ಧಾರವನ್ನು ತಡಮಾಡುತ್ತದೆ, ಮುನ್ನೋಟಕಕ್ಕೆ ಭಯವಿಲ್ಲ. ವಲಯದ ಎಣಿಕೆಯನ್ನು ಯಂತ್ರಕ್ಕೆ ಕಲಿಸಿದರು, ಅದು ಒಳ್ಳೆಯದೇ. ಆಮೇಲೆ ಹನ್ನೊಂದೂ ದಳಗಳಲ್ಲಿ ಕುರ್ಚಿ ತೆಗೆದರು. ದಳವಾಯಿಯ ಸಹಿಯೂ ಇನ್ನು ಬೇಕಿಲ್ಲವಂತೆ, ಆಜ್ಞೆ ನೇರವಾಗಿ ತೋಪಿಗೆ ಹೋಗುತ್ತದೆ. ನನ್ನನ್ನು ಪಿಂಚಣಿ ಶಾಖೆಗೆ ಕಳಿಸಿದರು. ಅದೇ ಕಟ್ಟಡ, ಒಂದು ಮಹಡಿ ಕೆಳಗೆ. ಇದೆಲ್ಲ ಆಗಿ ಇಂದಿಗೆ ಹನ್ನೊಂದು ದಿನ.

ನಾಲ್ಕು ದಿನದ ಹಿಂದೆ, ಹಾಡಹಗಲು, ತೋಪು ಮೂರು ಸಲ ಹಾರಿತು. ಸೈರನ್ ಆಗಲಿಲ್ಲ. ನನ್ನ ಮೇಜಿನ ಮೇಲಿದ್ದ ಲೋಟದ ನೀರು ನಡುಗಿತು, ಅಷ್ಟೇ. ಕೂತಲ್ಲಿ ಕೂರಲಾಗದೆ ಮೆಟ್ಟಿಲೇರಿ ದಳವಾಯಿಯ ಕೋಣೆಗೆ ಹೋದೆ. ಅವರು ಕಿಟಕಿಯ ಬಳಿ ನಿಂತಿದ್ದರು. ಯಾರ ಮೇಲೆ ಎಂದು ಕೇಳಿದೆ.

“ನನಗೂ ಯಾರೂ ಹೇಳಿಲ್ಲ ತಾಯಿ,” ಎಂದರು. ಅವರು ನನ್ನನ್ನು ಎಂದೂ ಹಾಗೆ ಕರೆದವರಲ್ಲ. “ಕೇಳೀನಿ. ಕೇಳೋ ಜಾಗಾನ ಇಲ್ಲಂತ.”

ಇಬ್ಬರೂ ಕಡಲು ನೋಡಿದೆವು. ಹೊಗೆಯಿಲ್ಲ, ಏನೂ ಇಲ್ಲ. ನಾನು ಬಂದರಿಗೆ ಓಡಿದೆ. ಅಲ್ಲಿ ಆಗಲೇ ಜನ ಸೇರಿದ್ದರು. ಬೀರಮ್ಮ ಬೆರಳು ಮಡಿಸುತ್ತ ಒಂದೊಂದೇ ದೋಣಿ ಮುಟ್ಟಿ ಎಣಿಸುತ್ತಿದ್ದರು, ಎರಡು ಸಲ ಎಣಿಸಿದರು. ಎಲ್ಲವೂ ಇದ್ದವು. ಯಾರೋ ಹೆಂಗಸು ಸದ್ಯ ಎಂದಳು. ಬೀರಮ್ಮ ಮಾತ್ರ ಕಡಲಿನ ಕಡೆ ತಿರುಗಿ ನಿಂತರು.

“ನಮ್ಮೋರಲ್ಲ,” ಎಂದರು. “ಹಂಗಾರೆ ಬೇರೆ ಯಾರ್ದೋ ಮನೇವ್ರು.”

ಅವರು ವೈರಿಗಳೇ ಆಗಿದ್ದಿರಬಹುದು. ನಿಜವಾಗಿಯೂ ಇರಬಹುದು. ನನ್ನನ್ನು ನಡುಗಿಸುವುದು ಅದಲ್ಲ. ಇಷ್ಟು ದೊಡ್ಡ ವ್ಯವಸ್ಥೆಯಲ್ಲಿ, ಭವನದಿಂದ ಗುಡ್ಡದವರೆಗೆ, ಅದು ಯಾರೆಂದು ತಿಳಿದ ಒಂದು ಜೀವವೂ ಇಲ್ಲ. ಅಂದಿನಿಂದ ನಮ್ಮೂರಿನ ಒಂದು ದೋಣಿಯೂ ನೀರಿಗೆ ಇಳಿದಿಲ್ಲ. ಮೀನಿನ ಮಾರುಕಟ್ಟೆಯಲ್ಲಿ ಬೆಕ್ಕುಗಳಷ್ಟೇ ಇವೆ. ನನ್ನ ಮಗಳು ಶಾಲೆಗೆ ಹೋಗುವಾಗ ಕಡಲಿಗೆ ಬೆನ್ನು ಮಾಡಿ, ತಲೆಯೆತ್ತಿ ಗುಡ್ಡದ ತೋಪುಗಳನ್ನೇ ನೋಡುತ್ತ ನಡೆಯುತ್ತಾಳೆ. ಹಾಗೆ ನೋಡಬೇಡವೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಹಿರಿಯರೇ, ನಿಮ್ಮಲ್ಲಿ ಯಾರದೋ ಮೇಜಿನ ಮೇಲೆ ಈಗ ಒಂದು ಟಿಪ್ಪಣಿ ಇರಬೇಕು. ನಿಗದಿತ ಸಮಯದಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ಭಾವಿಸತಕ್ಕದ್ದು ಎಂಬ ಸಾಲು ಅದರಲ್ಲಿರುತ್ತದೆ. ಬರೆದವರು ಕೆಟ್ಟವರಲ್ಲ, ಆಡಳಿತ ಚುರುಕಾಗಲೆಂದು ಬರೆದವರು. ಆ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಪಡೆಗಳನ್ನು ನಿಮಗೆ ಬೇಕಾದಂತೆ ಕಟ್ಟಿಕೊಳ್ಳಿ, ಕೂಡಿಸಿ, ಒಡೆಯಿರಿ, ಯಂತ್ರಗಳನ್ನೂ ಇಟ್ಟುಕೊಳ್ಳಿ. ಆದರೆ ಎಲ್ಲ ಕಾಗದಗಳೂ ಬಂದು ಸೇರುವ ಜಾಗದಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿ. ಗಟ್ಟಿಗನನ್ನು ಹುಡುಕಬೇಡಿ. ಕೈ ನಡುಗುವವರನ್ನು ಕೂರಿಸಿ, ಮನೆಯಲ್ಲಿ ಮಕ್ಕಳಿರುವವರನ್ನು, ಬಂದರಿನಲ್ಲಿ ಒಬ್ಬರ ಫೋನ್ ನಂಬರಾದರೂ ಗೊತ್ತಿರುವವರನ್ನು ಕೂರಿಸಿ. ಅವರು ಎರಡನೇ ಸಲ ಓದುತ್ತಾರೆ.

ಇಲ್ಲಿಂದ ನಾನು ಮಾಡಬಹುದಾದದ್ದು ಇಷ್ಟೇ. ನೀವು ಇನ್ನೂ ಕೇಳಿಸಿಕೊಳ್ಳಬಲ್ಲಿರಿ ಎಂದು ನಂಬಿ ಕೈ ಮುಗಿಯುತ್ತೇನೆ.

ನಿಮ್ಮ ಮುಂದಿನವರಲ್ಲಿ ಒಬ್ಬಳು,
ಶಾಲ್ಮಲಾ ಗುನಗ