ಡಾಕ್ಟರು ಹರಿಗೋಲು ಹತ್ತಿದ್ದು

ಸುರಪುರ,
ಆಬಾನ್ ೧೪, ಫಸಲಿ ೧೩೫೧

ಪ್ರೀತಿಯ ಗುರಣ್ಣನಿಗೆ ತಮ್ಮ ಭಾಗಣ್ಣ ಬಗ್ಗಿ ಮಾಡುವ ಶರಣು.

ಹೈದರಾಬಾದಿನ ನೀರು ಮೈಗೆ ಹಿಡಿಯಿತೇ ಅಣ್ಣಾ? ಗಿರಣಿಯ ಅರಳೆಯಿಂದ ಎದ್ದ ಕೆಮ್ಮು ಇಳಿಯಿತೇ? ಅಪ್ಪನೊಡನೆ ಜಗಳಾಡಿ ಹೋಗುವಾಗ ಅವನ ಸುದ್ದಿ ಬರೆಯಬೇಡ ಎಂದಿದ್ದೆ. ಬರೆಯುತ್ತಿಲ್ಲ, ಇದು ಅವನ ಬೆನ್ನಿನ ಸುದ್ದಿ. ಅದರ ಮೇಲೆ ಲಿಂಬೆಹಣ್ಣಿನಷ್ಟು ಕುರು ಎದ್ದಿತ್ತು. ಇಂದೇ ಕೊಯ್ಯದಿದ್ದರೆ ನಂಜು ಮೈಗೇರುತ್ತದೆ, ಗುಂಡಿಗೆ ಸೋತಿರುವುದರಿಂದ ಮತ್ತಿನ ಔಷಧ ಕೊಡುವಂತಿಲ್ಲ ಎಂದರು ದವಾಖಾನೆಯ ಡಾಕ್ಟರು. ನಲವತ್ತು ವರ್ಷ ತುಂಬಿದ ಕೃಷ್ಣೆಯಲ್ಲಿ ಹರಿಗೋಲು ನಡೆಸಿದ ನಮ್ಮಪ್ಪ ದುರಗಪ್ಪ ಚಾಕು ಕಂಡೊಡನೆ ಮಂಚದ ಕೆಳಗೆ ಸೇರಿದ. ಇದನ್ನು ಊರಲ್ಲಿ ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿದ್ದೇನೆ, ನೀನು ಊರಲ್ಲಿಲ್ಲ.

ಹೊರಗೆ ಕರೆತಂದವಳು ನರ್ಸು ಮುನ್ನಿಬೀ. ಬೋರಲು ಮಲಗಿಸಿ, ತಲೆ ಸವರಿ, "ಕಣ್ಣು ಮುಚ್ಚರಿ ಕಾಕಾ. ಉಸರು ಸಾವಕಾಶ ಬಿಡ್ರಿ. ಈಗ ನೀವು ಹೊಳಿ ದಂಡ್ಯಾಗ ಅದೀರಿ. ಹರಗೋಲ ಬಿಡ್ರಿ" ಎಂದಳು. ಅಪ್ಪನ ಭುಜ ಸಡಿಲಾಯಿತು. ಡಾಕ್ಟರು ಚಾಕು ಎತ್ತಿದರು. ಅಪ್ಪ ಕಣ್ಣು ಮುಚ್ಚಿಕೊಂಡೇ, "ಹ್ಯಾಂಗ ಬಿಡ್ಲೆವ್ವಾ? ಮಂದಿ ತುಂಬಿಲ್ಲ" ಎಂದ!

ಏಳು ತಲೆ ಕೂಡದೆ, ತಹಶೀಲ್ದಾರರೇ ಕಾಯುತ್ತಿದ್ದರೂ, ಅವನು ಹಗ್ಗ ಬಿಚ್ಚಿದವನಲ್ಲ. ಮುನ್ನಿಬೀ ಹತ್ತಿದಳು. ನಾನು ಹತ್ತಿದೆ. ಕಂಪೌಂಡರ್ ಚನ್ನಯ್ಯ ಹತ್ತಿದ. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ದ್ಯಾವಪ್ಪ, "ನಾನೂ ಬಂದೆ, ಎರಡು ಕುರಿ ಅದಾವ ನೋಡ್ರಿ" ಎಂದು ಮಲಗಿದಲ್ಲೇ ಹತ್ತಿದ. ಕುರಿಯೂ ಸೇರಿ ಆರು ತಲೆಯಾಯಿತು. "ಇನ್ನೊಂದು ತಲಿ ಬೇಕು" ಎಂದ ಅಪ್ಪ. ಬೇರೆ ದಾರಿಯಿಲ್ಲದೆ ಡಾಕ್ಟರು ಮುಂದೆ ಬಂದರು. "ಬೂಟ ತಗೀರಿ ಸಾಹೇಬ್ರ, ಹರಗೋಲಿನ ತೊಗಲ ಹರದೀತು" ಎಂದ ಅಪ್ಪ. ಅಣ್ಣಾ, ಅವರು ತೆಗೆದರು!

ನಡುಹೊಳೆಯಲ್ಲಿ ಚಾಕು ಆಡಿತು. ಮುನ್ನಿಬೀ, "ಹುಟ್ಟು ಹಾಕ್ರಿ, ಉಸರು ಬಿಡ್ರಿ" ಎನ್ನುತ್ತಲೇ ಇದ್ದಳು. ಅಪ್ಪ ಒಮ್ಮೆ ಮಾತ್ರ ನರಳಿ, "ಇಲ್ಲಿ ಸುಳಿ ಅದ, ಯಾರೂ ಅಲಗಾಡಬ್ಯಾಡ್ರಿ" ಎಂದ. ಯಾರೂ ಅಲುಗಾಡಲಿಲ್ಲ. ದ್ಯಾವಪ್ಪನಂತೂ ಮಂಚದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದಿದ್ದ. ಕೀವೆಲ್ಲ ಹೋಯಿತು. ಸಂಜೆಗೆ ಅಪ್ಪ ಎದ್ದು ಕುಳಿತು ಎರಡು ರೊಟ್ಟಿ ಉಂಡ.

ಅವ್ವ ನಿನ್ನ ನೆತ್ತಿಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿದ್ದಾಳೆ. ಆಕೆಯ ಆಶೀರ್ವಾದ ಅದರಲ್ಲೇ ಇದೆ.

ನಿನ್ನ
ಭಾಗಣ್ಣ

ತಾ.ಕ.: ಅಂಚೆಯವನು ಬಾಗಿಲಲ್ಲಿ ಗೊಣಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಕೆಳಬೆನ್ನಿನಲ್ಲಿ ಇನ್ನೊಂದು ಕುರು ಇದೆ, ಅದಕ್ಕಿಂತ ದೊಡ್ಡದು. ಸೋಮವಾರ ಕೊಯ್ಯಲೇಬೇಕು. ಅಂದು ಬರಿಗಾಲಲ್ಲೇ ಬರುತ್ತೇನೆಂದು ಡಾಕ್ಟರು ಮಾತು ಕೊಟ್ಟರೂ ಅಪ್ಪ ಒಪ್ಪುತ್ತಿಲ್ಲ. "ಆ ಜಾಗಾ ನಮ್ಮ ಗುರಣ್ಣಂದು. ಅವ ಬರೂತನಕಾ ಹಗ್ಗ ಬಿಚ್ಚಂಗಿಲ್ಲ" ಎನ್ನುತ್ತಾನೆ. ಭಾನುವಾರ ಯಾದಗಿರಿಯಲ್ಲಿ ರೈಲು ಇಳಿ. ಶಹಾಪುರದ ಮೋಟಾರಿನಲ್ಲಿ ಜಾಗ ಹಿಡಿದಿರುತ್ತೇನೆ.