ಕಡತಕ್ಕೆ ಹೋದ ಮಾತು

ಮಾರ್ಚ್ 4, ಬೆಳಿಗ್ಗೆ 8
ಆರು ಅರ್ಜಿ, ನಾಲ್ಕು ಶಿಫಾರಸು ಪತ್ರ. ಕಾಲುವೆ ವಿಷಯಕ್ಕೆ ಬಂದ ಮುದುಕರು ಕಾಲುವೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದರು. ಮಧ್ಯಾಹ್ನ ಸದನದಲ್ಲಿ ಆಂಬುಲೆನ್ಸ್ ಮಸೂದೆ. ನನಗೆ ಎಂಟು ನಿಮಿಷ. ಶಾಸಕನಾಗಿ ಎರಡು ವರ್ಷ, ಬಾಯಿ ಬಿಟ್ಟಿದ್ದು "ಹೌದು" ಎನ್ನಲು ಮಾತ್ರ.

ಸಂಜೆ 6
ಗೆದ್ದೆ! ಅಂಕಿ-ಅಂಶ ಓದುವಾಗ ಅರ್ಧ ಸದನ ಆಕಳಿಸುತ್ತಿತ್ತು. ಕಾಗದ ಪಕ್ಕಕ್ಕಿಟ್ಟು ಅಕ್ಕನ ಕಥೆ ಹೇಳಿದೆ — ಹೆರಿಗೆ ನೋವು, ಬಸ್ಸು, ದಾರಿಯಲ್ಲೇ ಹೋದ ಮಗು. "ಅವಳ ಕೈ ಹಿಡಿದು ಪಕ್ಕದಲ್ಲೇ ಕೂತಿದ್ದೆ, ಅಧ್ಯಕ್ಷರೇ." ಮೇಜು ಕುಟ್ಟಿದರು, ವಿರೋಧ ಪಕ್ಷದವರೂ. ಮಂತ್ರಿ ಕಣ್ಣೊರೆಸಿಕೊಂಡರು.

ಮಾರ್ಚ್ 5
ಪೇಪರಿನಲ್ಲಿ ನನ್ನ ಫೋಟೊ. ಅಕ್ಕ ಫೋನ್ ಎತ್ತುತ್ತಿಲ್ಲ. ಭಾವ ಎತ್ತಿದರು. "ಇವತ್ತು ಹೊಲಿಗೆ ಕ್ಲಾಸ್ ತೆಗೆದಿಲ್ಲ ಅವಳು. ಕಲಿಯೋಕೆ ಬರೋರೆಲ್ಲ ಕೇಳ್ತಿದಾರೆ." ಆಮೇಲೆ, "ಬಸ್ಸಲ್ಲಿ ನೀನೂ ಇದ್ಯಾ? ಒಬ್ಬಳೇ ಹೋದೆ ಅಂದಿದ್ದಳಲ್ಲ?"
ಸಿಗ್ನಲ್ ಇಲ್ಲ ಎಂದೆ.

ಮಾರ್ಚ್ 9
ಬರೆಯಲೇಬೇಕು. ಬಸ್ಸಿನಲ್ಲಿ ನಾನಿರಲಿಲ್ಲ.
ಮನೆಗಿದ್ದ ಒಂದೇ ಕಾರಿಗೆ ಮೈಕು ಕಟ್ಟಿಕೊಂಡು ನನ್ನ ಮೊದಲ ಪಂಚಾಯಿತಿ ಚುನಾವಣೆಯ ಪ್ರಚಾರಕ್ಕೆ ಹೋಗಿದ್ದೆ. ಹೆರಿಗೆಗೆ ತವರಿಗೆ ಬಂದಿದ್ದ ಅಕ್ಕ ಬೆಳಿಗ್ಗೆಯೇ ಕೇಳಿದ್ದಳು: "ಇವತ್ತೊಂದಿನ ಕಾರು ಬಿಟ್ಟು ಹೋಗೋ, ಯಾಕೋ ಸೊಂಟ ಹಿಡೀತಿದೆ."
"ಇನ್ನೂ ಹದಿನೈದು ದಿನ ಇದೆಯಲ್ಲೇ!"
ಹದಿನೇಳು ವರ್ಷ ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಕಾರು ಕೆಟ್ಟಿತ್ತು ಎಂದು ಭಾವನಿಗೆ ಹೇಳಿದವಳೂ ಅವಳೇ.

ಮಾರ್ಚ್ 11, ಬೆಳಿಗ್ಗೆ 10
ಭಾಷಣದ ಪ್ರತಿ ತಿದ್ದಲು ಬಂತು. ಸದನದ ವರದಿಗಾರ್ತಿಯ ಬಳಿ ಹೋದೆ. ಒಂದೇ ಸಾಲು ತೆಗೆಯಿರಿ ಎಂದೆ.
"ಕಾಗುಣಿತ ತಿದ್ದಬಹುದು ಸರ್. ಹೇಳಿದ್ದನ್ನ ಹೇಳಿಲ್ಲ ಅನ್ನೋಕಾಗಲ್ಲ. ಬೇಕಾದ್ರೆ ಸದನದಲ್ಲೇ ಎದ್ದು ಹೇಳಿ."
ಪ್ರತಿಯಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ.
ಪಕ್ಷದ ಸಚೇತಕರು: "ತಲೆ ಕೆಟ್ಟಿದ್ಯಾ? ಬಿಲ್ ಪಾಸಾಗಿದೆ. ಒಳ್ಳೇದಕ್ಕೇ ಹೇಳಿದ ಸುಳ್ಳು ತಾನೇ?"
ವಾರದಿಂದ ನಾನೂ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ಮಾರ್ಚ್ 12, ಮಧ್ಯಾಹ್ನ 3
ಎದ್ದು ಹೇಳಿದೆ. ಎರಡು ನಿಮಿಷ. ನನ್ನ ಸುಳ್ಳಷ್ಟನ್ನೇ, ಕಾರಿನ ಸಮೇತ. ಹಿಂದಿನಿಂದ ಯಾರೋ "ನಾಟಕ!" ಎಂದರು. ಸಚೇತಕರು ತಲೆ ಎತ್ತಲಿಲ್ಲ. ಮುಂದಿನ ಟಿಕೆಟ್ ಗೋತಾ.

ಮಾರ್ಚ್ 14, ಸಂಜೆ 4
ಅಕ್ಕನ ಮನೆ. ಬಾಗಿಲು ತೆಗೆದಳು, ಬಾ ಎನ್ನಲಿಲ್ಲ. ನಾನೇ ಒಳಗೆ ಹೋದೆ. ಅಂಗಿಯೊಂದಕ್ಕೆ ಗುಂಡಿ ಹಾಕುತ್ತಲೇ ಇದ್ದಳು. ಕ್ಷಮೆ ಕೇಳಿದೆ.
"ಕಾರು ಕೊಡ್ಲಿಲ್ಲ ಅಂತಲ್ಲ ಕಣೋ. ಅದನ್ನ ಯಾವತ್ತೋ ನುಂಗಿಕೊಂಡೆ. ಆ ಬಸ್ಸಲ್ಲಿ ಮಗು, ನಾನು, ಇಬ್ಬರೇ ಇದ್ದಿದ್ದು. ನನ್ನ ಪಾಲಿಗೆ ಉಳಿದಿದ್ದು ಅಷ್ಟೇ. ಅಲ್ಲಿಗೂ ಬಂದು ಕೂತ್ಯಲ್ಲ ನೀನು."
ದಾರ ಕಡಿದಳು. "ಹೆಸರಿಟ್ಟಿದ್ದೆ. ಗೊತ್ತಾ?"
ಇಲ್ಲ ಎಂದೆ. ಗಂಡೋ ಹೆಣ್ಣೋ ಎಂದೂ ನಾನು ಕೇಳಿರಲಿಲ್ಲ.
ಹೇಳಿದಳು. ತುಂಬ ಮೆಲ್ಲಗೆ.
ಇಲ್ಲಿ ಬರೆಯಲು ಹೋದೆ. ಮೊದಲ ಅಕ್ಷರ ಬರೆದು ಹೊಡೆದುಹಾಕಿದೆ. ಇದು ನನ್ನದಲ್ಲ.